ಒಂದೇ ಸಲ ಕರೆಯುವವಳು

ನನ್ನ ತಮ್ಮ ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಾನೆ. ಅಲ್ಲೇ ನರ್ಸಾಗಿರುವ ಫಿಲಿಪ್ಪೀನ್ಸ್ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದು ಅವನು ಫೋನಿನಲ್ಲಿ ಹೇಳಿದಾಗ ಅವ್ವ ಕೊಟ್ಟಿಗೆಯಲ್ಲಿ ಹಾಲು ಹಿಂಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಅದ್ಯಾವ ಕಡೀಕೆ ಬರ್ತದ್ಲಾ, ಮದ್ದೂರಿಂದ ಆಚ್ಗಾ?" ಎಂದು ಕೇಳಿದಳು. ಸಮುದ್ರದಿಂದ ಆಚೆಗೆ ಎಂದು ಗೊತ್ತಾದ ಮೇಲೆ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೇ ದಿನ "ಮಾಡ್ಕೊಳ್ಲಿ ಬುಡು" ಎಂದಳು. ಆದರೆ ಆ ಹುಡುಗಿಯನ್ನು 'ಸೊಸೆ' ಎಂದು ಮಾತ್ರ ಕರೆಯಲಿಲ್ಲ. 'ಆ ಹುಡ್ಗಿ' ಎಂದೇ ಅನ್ನುತ್ತಿದ್ದಳು. ತಮ್ಮನಿಂದ ಅಷ್ಟಿಷ್ಟು ಕನ್ನಡ ಕಲಿತಿದ್ದ ಆ ಹುಡುಗಿಗೆ ಈ ಎರಡು ಮಾತಿನ ವ್ಯತ್ಯಾಸ ಚೆನ್ನಾಗಿಯೇ ಗೊತ್ತಿತ್ತು.

ಮದುವೆ ಹುಡುಗಿಯ ಊರಲ್ಲಿ ನಡೆಯಿತು. ಅವ್ವ ವಿಮಾನ ಹತ್ತುವುದಿಲ್ಲ ಎಂದಳು. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಹಾಗಾಗಿ ಮನೆಯ ಪರವಾಗಿ ಹೋದವಳು ನಾನು, ಕೆ.ಆರ್.ಪೇಟೆಯಲ್ಲಿ ಪಾಠ ಹೇಳುವವಳು, ಅದುವರೆಗೆ ಘಟ್ಟ ಇಳಿದು ಧರ್ಮಸ್ಥಳ ನೋಡಿದ್ದೇ ದೂರ ಅಂದುಕೊಂಡಿದ್ದವಳು.

ವಿದೇಶ ಎಂದು ಎದೆ ಡವಡವ ಅನ್ನಿಸಿಕೊಂಡು ಹೋದರೆ ಅಲ್ಲಿ ಸಿಕ್ಕಿದ್ದು ನಮ್ಮೂರು ಅಕ್ಕಿಹೆಬ್ಬಾಳೇ. ಸುತ್ತ ಗದ್ದೆ, ಗದ್ದೆಯಲ್ಲಿ ಎಮ್ಮೆ, ನಡುವೆ ಒಂದೇ ಒಂದು ದೊಡ್ಡ ಬೀದಿ. ನಾವು ಹುರುಳಿಯನ್ನು ಟಾರು ರಸ್ತೆಗೆ ಹಾಕಿ ಬಸ್ಸಿನವರ ಕೈಲಿ ಒಕ್ಕಣೆ ಮಾಡಿಸುತ್ತೇವಲ್ಲ, ಅವರು ರಸ್ತೆಯ ಅರ್ಧಕ್ಕೆ ಬತ್ತ ಒಣಹಾಕಿ ವಾಹನದವರನ್ನೇ ಗದರಿಸುತ್ತಾರೆ. ಬಸ್ ಸ್ಟಾಪಿನ ಮೇಲೆ ಊರಿನ ಮುಖಂಡನ ಹೆಸರು ಎಷ್ಟು ದಪ್ಪಗಿತ್ತೆಂದರೆ ಊರಿನ ಹೆಸರಿಗೆ ಜಾಗವೇ ಉಳಿದಿರಲಿಲ್ಲ. ನೋಡಿ ನನಗೆ ತುಂಬ ಸಮಾಧಾನವಾಯಿತು. ಹುಂಜಗಳ ವಿಷಯ ಮಾತ್ರ ಬೇರೆ. ನಮ್ಮಲ್ಲಿ ಸಾರಿಗೆ ಬೀಳುವ ಹುಂಜಕ್ಕೆ ಅಲ್ಲಿ ಕೋಳಿ ಕಾಳಗಕ್ಕೆಂದು ಶಾಂಪೂ ಹಾಕಿ ಸ್ನಾನ ಮಾಡಿಸುತ್ತಾರೆ.

ಮದುವೆಯ ಮಾರನೆಯ ಬೆಳಿಗ್ಗೆ ಒಬ್ಬಳೇ ಊರು ನೋಡಲು ಹೊರಟೆ. ಮೊದಲನೇ ಮನೆಯ ಬಾಗಿಲಲ್ಲಿ ಒಬ್ಬ ಅಜ್ಜಿ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಳು. ನನ್ನನ್ನು ಕಂಡು "ಕಾಯಿನ್ ತಾಯೊ" ಎಂದಳು. ಬನ್ನಿ, ಉಣ್ಣೋಣ ಎಂದು ಅದರ ಅರ್ಥ. ಅಷ್ಟನ್ನು ತಮ್ಮ ಕಲಿಸಿದ್ದ. ನಮ್ಮ ಕಡೆ ತಟ್ಟೆ ಮುಂದಿಟ್ಟುಕೊಂಡವರು ಕರೆದಾಗ ಮೂತಿ ತಿರುಗಿಸಿಕೊಂಡು ಹೋದರೆ ಮುಂದಿನ ವರ್ಷದವರೆಗೂ ಆಡಿಕೊಳ್ಳುತ್ತಾರೆ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಅಜ್ಜಿ ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ನಕ್ಕು, ಅನ್ನಕ್ಕೆ ಕರಿದ ಒಣಮೀನು ಹಾಕಿ ಕೊಟ್ಟಳು. ಅಲ್ಲಿಂದ ಎದ್ದರೆ ಪಕ್ಕದ ಟೈಲರ್ ಕರೆದಳು. ಅಲ್ಲೂ ಕೂತೆ. ಮಾವಿನ ಮರದ ಕೆಳಗೆ ಆಟೋದಂಥ ಗಾಡಿಗಳ ಡ್ರೈವರುಗಳು ಬುತ್ತಿ ಬಿಚ್ಚಿದ್ದರು. ಅವರೂ ಕರೆದರು. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಆದರೂ ಮಂಡ್ಯದ ಮಾನ ಕಳೆಯಬಾರದೆಂದು ಕೂತೆ. ಮಧ್ಯಾಹ್ನದ ಹೊತ್ತಿಗೆ ಜನ ಬಾಗಿಲಿಗೆ ಬಂದು ನಿಂತು ನಾನು ಮುಂದೆ ಯಾವ ಮನೆಗೆ ನುಗ್ಗುತ್ತೇನೋ ಎಂದು ಕಾಯುತ್ತಿದ್ದರು.

ತಮ್ಮನ ಹೆಂಡತಿಗೆ ವಿಷಯ ಮುಟ್ಟಿತು. ಅವಳು ನಾಲಿಗೆ ಕಚ್ಚಿಕೊಂಡು ಹೇಳಿದಳು: "ಅಕ್ಕ, ಅದು ಮರ್ಯಾದೆ ಮಾತು. ಹೊಟ್ಟೆ ಮುಟ್ಟಿ, ಆಯ್ತು ಅನ್ನಬೇಕು. ಮೂರು ಸಲ ಕರೆದರೆ ಮಾತ್ರ ಕೂರಬೇಕು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಬ್ಯಾಡ ಅಂದ್ರೆ ಯಾಕ್ ಕರೀಬೇಕು? ನಾನೇನು ಅನ್ನ ಕಾಣ್ದೋಳಾ?" ಎಂದು ರೇಗಿದೆ. ಅವಳು ನಕ್ಕಳು. ಮಾರನೆಯ ದಿನ ಅದೇ ಅಜ್ಜಿ ನಾನು ದಾಟಿ ಹೋಗುವುದನ್ನು ನೋಡಿ, ಬೇಕೆಂದೇ ಮೂರು ಸಲ ಕೂಗಿದಳು. ಆ ಅಜ್ಜಿಯ ಮೇಲೆ ನನಗೆ ಈಗಲೂ ಪ್ರೀತಿ.

ಇದೆಲ್ಲ ನಗೆಚಾಟಿಕೆಯಲ್ಲೇ ಮುಗಿಯುತ್ತಿತ್ತು. ಆದರೆ ಅವರೆಕಾಯಿ ಕಾಲಕ್ಕೆ, ರಜೆ ಹಾಕಿ ಬಂದ ತಮ್ಮ ಮತ್ತು ಅವನ ಹೆಂಡತಿಯ ಜೊತೆ ಹುಡುಗಿಯ ಅಪ್ಪ ಅಮ್ಮನೂ ನಮ್ಮೂರಿಗೆ ಬಂದರು. ನಮ್ಮ ಕಡೆ ಬೀಗರೂಟ ಆಗದೆ ಮದುವೆ ಮುಗಿದ ಲೆಕ್ಕವಿಲ್ಲ. ಹೆಣ್ಣಿನವರನ್ನು ಸಾಲಾಗಿ ಕೂರಿಸಿ, ಬಾಡು ಬಡಿಸಿ, ಸಾಕು ಸಾಕು ಅನ್ನಿಸಿ ಕಳಿಸಿದರೆ ಆಗ ಅವರು ಬೀಗರು, ಅವರ ಮಗಳು ಸೊಸೆ. ತಮ್ಮ ಊಟಕ್ಕೆಂದು ಕುರಿಮರಿ ತಂದು ಹಿತ್ತಲಲ್ಲಿ ಕಟ್ಟಿದ್ದ. ಭಾನುವಾರಕ್ಕೆ ಊಟ ಎಂದು ಊರಿಗೆಲ್ಲ ಹೇಳಿಯಾಗಿತ್ತು.

ಶನಿವಾರ ಸ್ಕೂಲು ಮುಗಿಸಿ ನಾನು ಬಂದರೆ ಮನೆ ಸಾವಿನ ಮನೆಯ ಹಾಗಿತ್ತು. ಅವ್ವ ಜಗಲಿಯಲ್ಲಿ ಮುಖ ಊದಿಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ಮರಿ ಬಿಚ್ಚಿ ಕಳ್ಸು ಕಣಮ್ಮಿ" ಎಂದಳು. "ನೆನ್ನೆ ರಾತ್ರಿ ಬಂದಾಗಿಂದ ನನ್ನ ಕೈನ ಅನ್ನ ಮುಟ್ಟಿಲ್ಲ ಅವ್ರು. ಮುದ್ದೆ ಮಾಡಿ, ಕಾಳುಸಾರು ಮಾಡಿ, ಉಣ್ಣೇಳಿ ಅಂದ್ರೆ ಇಬ್ರೂ ಹೊಟ್ಟೆ ಮುಟ್ಕೊಂಡು ಸಾಕು ಅಂತಾರೆ. ನನ್ ಮನೇಲಿ ಉಣ್ಣದೋರು ನಂಗ್ಯಾವ ಬೀಗ್ರು? ಬೀಗ್ರಿಲ್ದೆ ಸೊಸೆ ಎಲ್ಲಿಂದ ಬಂದ್ಳು?"

ನನಗೆ ಒಳಗೊಳಗೇ ನಗು. "ಎಷ್ಟು ಸಲ ಕರ್ದೆವ್ವಾ?"

"ಎಷ್ಟು ಸಲ ಅಂದ್ರೆ? ಒಂದ್ಸಲ."

ನಾನು ಆ ಊರಿನ ಪದ್ಧತಿಯನ್ನು ಬಿಡಿಸಿ ಹೇಳಿದೆ. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. "ಆ ಹುಡ್ಗೀನೂ ಅಂಗೇ ಕತೆ ಕಟ್ಟುದ್ಲು. ಮೂರು ಸಲ ಕರೀಬೇಕಂತೆ. ನಿಮ್ಮಪ್ಪಂಗೇ ಎರಡ್ನೇ ಸಲ ಕರ್ದೋಳಲ್ಲ ನಾನು."

ಅದು ನಿಜ. ಅಪ್ಪ ಗದ್ದೆಯಿಂದ ಬರುವುದು ತಡವಾದರೆ ಅವ್ವ ಒಮ್ಮೆ ಕೂಗುತ್ತಿದ್ದಳು. ಬಂದರೆ ಬಿಸಿ, ಇಲ್ಲದಿದ್ದರೆ ತಣ್ಣಗಿನದು. ಅಪ್ಪ ಬದುಕಿಡೀ ಓಡೋಡಿ ಬಂದು ಉಂಡ.

ಇನ್ನು ಬೀಗರ ಹತ್ತಿರ ಹೋದೆ. ಬೀಗ ತಮ್ಮನ ಜೊತೆ ನಾಲೆ ಕಡೆಗೆ ಹೋಗಿದ್ದ. ಆ ಮನುಷ್ಯನಿಗೆ ಗದ್ದೆ ಕಂಡರೆ ಹಸಿವೇ ಮರೆತುಹೋಗುತ್ತದೆ. ಬೀಗಿತ್ತಿ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಖಾಲಿ ಬಿಸ್ಕತ್ತು ಪೊಟ್ಟಣಗಳು. ಅವಳ ಕಣ್ಣು ಕೆಂಪಗಾಗಿದ್ದವು. ಮಗಳು ಅವಳ ಮಾತನ್ನು ನನಗೆ ಹೇಳಿದಳು. "ಅಮ್ಮ ಹೇಳ್ತಾರೆ, ಅತ್ತೆಗೆ ನಾವು ಬಂದದ್ದು ಇಷ್ಟ ಇಲ್ಲ. ಒಂದೇ ಸಲ ಕರೆದು ತಟ್ಟೆ ತೆಗೆದುಬಿಟ್ಟರು. ಈಗ ಹೇಗೆ ಊಟ ಕೇಳೋದು? ನಾಚಿಕೆ ಆಗುತ್ತೆ."

ನಗು ಹೋಯಿತು. ಮಗಳನ್ನು ಕೊಟ್ಟ ಮನೆಯಲ್ಲಿ ಆ ಹೆಂಗಸು ಹಸಿದುಕೊಂಡು ಅಳುತ್ತಿದ್ದಳು, ನಮ್ಮವ್ವ ಜಗಲಿಯಲ್ಲಿ ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದಳು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿ ನನ್ನ ಕಾಲು ಬಿದ್ದುಹೋದವು. ಅವ್ವನಿಗೆ ಇನ್ನೊಂದು ಸಲ ಕರೆ ಎಂದೆ, ಆಗಲ್ಲ ಎಂದಳು. ಬೀಗಿತ್ತಿಗೆ ಹೋಗಿ ಕೂತುಬಿಡಿ ಎಂದೆ. ಕೆನ್ನೆಗೆ ಕೈ ಇಟ್ಟುಕೊಂಡು, ಆಗುವುದಿಲ್ಲ ಎಂದು ತಲೆಯಾಡಿಸಿದಳು. ಹಿತ್ತಲಲ್ಲಿದ್ದ ಮರಿಯೊಂದೇ ಈ ಜಗಳ ಇನ್ನೂ ನಾಲ್ಕು ದಿನ ನಡೆಯಲಿ ಎಂದುಕೊಂಡಿರಬೇಕು.

ಕೊನೆಗೆ ಹಸಿವು ತಡೆಯಲಾಗದೆ ಬೀಗಿತ್ತಿ ಎದ್ದಳು. ಹಿತ್ತಲ ಒಲೆಯ ಮೇಲೆ ಅನ್ನಕ್ಕಿಟ್ಟು, ಊರಿಂದ ತಂದ ಒಣಮೀನನ್ನು ಕರಿದಳು. ವಾಸನೆಗೆ ಬೀದಿಯ ನಾಯಿ, ಬೆಕ್ಕು, ಪಕ್ಕದ ಮನೆಯ ಅತ್ತಿಗೆ ಎಲ್ಲರೂ ಬಂದು ಇಣುಕಿದರು. ಅವಳು ಬಾಳೆ ಎಲೆಗೆ ಹಾಕಿಕೊಂಡು ಜಗಲಿಯ ಆ ತುದಿಯಲ್ಲಿ ಕೂತಳು. ಈ ತುದಿಯಲ್ಲಿ ಅವ್ವ. ಒಬ್ಬಳು ಹಸಿದು ಕೂತಿರುವಾಗ ಇನ್ನೊಬ್ಬಳು ತುತ್ತು ಎತ್ತಲಾರಳು.

"ಕಾಯಿನ್ ತಾಯೊ" ಎಂದಳು ಬೀಗಿತ್ತಿ.

"ಏನಂತೆ?" ಎಂದಳು ಅವ್ವ, ಅವರೆಕಾಯಿಯಿಂದ ತಲೆ ಎತ್ತದೆ.

"ಬಾ, ಉಣ್ಣಾನ ಅಂತ" ಎಂದೆ.

"ಬ್ಯಾಡ ಅನ್ನು."

ಬೀಗಿತ್ತಿ ಮತ್ತೆ ಕರೆದಳು. ಅವ್ವ ಕೈ ಆಡಿಸಿ ಬೇಡ ಎಂದಳು. ಬೀಗಿತ್ತಿ ಎಲೆಯನ್ನು ಜಗಲಿಯ ಮೇಲೆ ಮೆಲ್ಲಗೆ ಅವ್ವನ ಕಡೆ ಸರಿಸಿ ಇನ್ನೊಂದು ಸಲ ಕರೆದಳು. ಅವ್ವ ಮೊರವನ್ನು ಬದಿಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, ಸರಿದು ಹೋಗಿ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಬೀಗಿತ್ತಿಯ ಮುಖ ಅರಳಿತು. ಎರಡು ಸಲ ಬೇಡ ಎಂದು ಮೂರನೇ ಸಲಕ್ಕೆ ಬಂದ ಈ ಹೆಂಗಸು ಎಷ್ಟು ಮರ್ಯಾದಸ್ಥಳು ಎಂದು ಅವಳು ಅಂದುಕೊಂಡದ್ದು ನನಗೆ ಕಾಣುತ್ತಿತ್ತು. ನಾನು ಆ ಊರಿಗೇ ಹೋಗಿ ಕಲಿಯದ ನಡತೆಯನ್ನು ಅವ್ವ ಮನೆಯಲ್ಲಿ ಕೂತು ಸಿಟ್ಟಿನಲ್ಲೇ ಮಾಡಿ ಮುಗಿಸಿದ್ದಳು.

"ಉಪ್ಪು ಜಾಸ್ತಿ" ಎಂದಳು ಅವ್ವ. ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮುದ್ದೆ, ಸುತ್ತ ಕಾಳುಸಾರು. ಬೀಗಿತ್ತಿಯ ಮುಂದೆ ಇಟ್ಟು, "ಉಣ್ಣು" ಎಂದಳು.

ಬೀಗಿತ್ತಿಯ ಕೈ ತಾನೇ ತಾನಾಗಿ ಹೊಟ್ಟೆಗೆ ಹೋಯಿತು. ಸಾಕು ಎಂದು ತಲೆಯಾಡಿಸಿ ನಕ್ಕಳು. ಎಲ್ಲ ಕೆಟ್ಟಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಅವ್ವ ಅಲ್ಲೇ ನಿಂತಿದ್ದಳು. ಅಪ್ಪನಿಗೂ ಕೊಡದ ಎರಡನೇ ಕರೆಯನ್ನು ಕೊಡುವುದೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದಳೋ ಏನೋ. ಆಮೇಲೆ ಸಣ್ಣ ದನಿಯಲ್ಲಿ, "ಉಣ್ಣವ್ವ" ಎಂದಳು.

ಬೀಗಿತ್ತಿ ಆ ಮಾತಿಗೂ ತಲೆಯಾಡಿಸಿದಳು, ಪುಣ್ಯಾತ್ಗಿತ್ತಿ, ಪದ್ಧತಿ ಬಿಡದೆ.

ಅವ್ವ ಅವಳನ್ನೇ ನೋಡಿದಳು. ಬಾಗಿಲ ಹಿಂದೆ ನಿಂತಿದ್ದ ತಮ್ಮನ ಹೆಂಡತಿಯ ಕಡೆ ತಿರುಗಿದಳು.

"ಲೇ ಸೊಸೆ, ನಿಮ್ಮವ್ವಂಗೆ ಯೋಳು. ಮುದ್ದೆ ಆರೋಯ್ತದೆ."

ತಮ್ಮನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಬಿಕ್ಕುತ್ತಿದ್ದಳು. ಹೇಳಬೇಕಾಗಿಯೂ ಇರಲಿಲ್ಲ. ಬೀಗಿತ್ತಿಯ ಕೈ ಆಗಲೇ ಮುದ್ದೆಯ ಮೇಲಿತ್ತು.

"ಅಗೀಬ್ಯಾಡ" ಎಂದಳು ಅವ್ವ, ಅವಳ ಪಕ್ಕದಲ್ಲಿ ಕೂರುತ್ತಾ. "ನುಂಗು."