ಎದುರು ಬೆಳಕಿನಲ್ಲಿ ಕಾಣದೆ ಹೋದದ್ದು

ಮೊಳಕಾಲ್ಮೂರಿಗೂ ಚಳ್ಳಕೆರೆಗೂ ನಡುವೆ ನಾನು ಹನ್ನೆರಡು ವರ್ಷ ಜೀಪು ಓಡಿಸಿದೆ. ಜೀಪು ನನ್ನದೇ. ಬಸ್ಸು ತಪ್ಪಿಸಿಕೊಂಡವರು, ಸಂತೆಗೆ ಹೊರಟವರು, ಸೀರೆ ಗಂಟು ಹೊತ್ತ ನೇಕಾರರು, ದೊಡ್ಡಾಸ್ಪತ್ರೆಗೆ ಹೋಗುವ ಬಸುರಿಯರು, ಎಲ್ಲರೂ ಅದರಲ್ಲಿ ಕೂತವರೇ. ಹತ್ತು ಜನ ಕೂರುವ ಜಾಗದಲ್ಲಿ ಹದಿನಾರು ಜನ ಇರುತ್ತಿದ್ದರು. ಅಷ್ಟೂ ಜನ ನನ್ನ ಕಣ್ಣನ್ನು ನಂಬಿ ಕೂತಿದ್ದಾರೆ ಎನ್ನುವುದು ಬಹಳ ವರ್ಷ ನನ್ನ ತಲೆಗೇ ಬಂದಿರಲಿಲ್ಲ.

ತೊಂಬತ್ತರ ದಶಕದಲ್ಲಿ ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಓಡಾಟ ಕಡಿಮೆ. ತಳಕು ದಾಟಿದರೆ ಎರಡೂ ಕಡೆ ಬಯಲು. ಎದುರಿನ ಲಾರಿ ಎರಡು ಮೈಲಿ ದೂರದಿಂದಲೇ ಒಂದು ಚುಕ್ಕಿಯಾಗಿ ಕಾಣುತ್ತಿತ್ತು. ಹತ್ತಿರವಾದಾಗ ಅವನು ದೀಪ ತಗ್ಗಿಸುತ್ತಿದ್ದ, ನಾನೂ ತಗ್ಗಿಸುತ್ತಿದ್ದೆ. ಎಷ್ಟೋ ಗಾಡಿಗಳ ದೀಪದ ಗಾಜಿಗೆ ಮೇಲಿನ ಅರ್ಧ ಕಪ್ಪು ಬಣ್ಣ ಬಳಿದಿರುತ್ತಿತ್ತು. ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಸೋದರಮಾವ ಹೇಳಿಕೊಟ್ಟದ್ದು ಒಂದೇ ಮಾತು.

"ಎದುರಿನ ಲೈಟು ನೋಡಬ್ಯಾಡ ಕಣಲೇ. ನೋಡಿದ್ರೆ ಅದರ ಕಡೀಕೇ ಹೋಗ್ತೀಯ. ಎಡಗಡೆ ಡಾಂಬರು ಮುಗಿಯೋ ಅಂಚು ಐತಲ್ಲ, ಅದನ್ನ ಹಿಡ್ಕಂಡು ಹೋಗು."

ನಾನು ಅಂಚು ಹಿಡಿದುಕೊಂಡೇ ಹೋದೆ. ಎರಡು ಸಾವಿರದ ನಂತರ ಬಳ್ಳಾರಿ ಕಡೆಯಿಂದ ಅದಿರು ಲಾರಿಗಳು ಬರತೊಡಗಿದವು. ಒಂದರ ಬಾಲಕ್ಕೆ ಒಂದು ಅಂಟಿಕೊಂಡು, ಹಗಲೂ ರಾತ್ರಿ. ರಸ್ತೆ ಕೆಂಪಾಯಿತು, ರಸ್ತೆ ಬದಿಯ ಜಾಲಿ ಗಿಡ ಕೆಂಪಾಯಿತು, ನನ್ನ ಜೀಪಿನ ಮುಂದಿನ ಗಾಜು ಎಷ್ಟು ಒರೆಸಿದರೂ ಸಂಜೆಗೆ ಕೆಂಪು ಧೂಳಿನ ಪರದೆ ಕಟ್ಟುತ್ತಿತ್ತು. ಆ ಲಾರಿಗಳ ದೀಪವೂ ಬೇರೆ ಥರ. ಬಿಳಿ ಬೆಳಕು. ಕೆಲವರು ಬಂಪರಿನ ಮೇಲೆ ಇನ್ನೆರಡು, ಕ್ಯಾಬಿನ್ನಿನ ನೆತ್ತಿಯ ಮೇಲೆ ಇನ್ನೆರಡು ದೀಪ ಕಟ್ಟಿಕೊಂಡಿದ್ದರು. ತಗ್ಗಿಸಿ ಎಂದು ನಾವು ದೀಪ ಮಿಟುಕಿಸಿ ಕೇಳಿದರೆ ಅವರು ಇದ್ದಬದ್ದದ್ದನ್ನೆಲ್ಲ ಹೊತ್ತಿಸುತ್ತಿದ್ದರು.

ಎಲ್ಲ ಡ್ರೈವರುಗಳೂ ಬೈಯುತ್ತಿದ್ದರು. ನಾನೂ ಬೈದೆ. ಆದರೆ ನನ್ನ ತೊಂದರೆ ಉಳಿದ ಡ್ರೈವರುಗಳದ್ದರಂಥದ್ದಲ್ಲ ಎಂದು ನನಗೆ ನಿಧಾನವಾಗಿ ಗೊತ್ತಾಗುತ್ತಾ ಬಂತು. ಲಾರಿ ದಾಟಿ ಹೋದ ಮೇಲೆ ಅವರಿಗೆ ಒಂದು ಕ್ಷಣದಲ್ಲಿ ರಸ್ತೆ ಮತ್ತೆ ಕಾಣುತ್ತಿತ್ತು. ನನಗೆ ಕಾಣುತ್ತಿರಲಿಲ್ಲ. ಮೊದಮೊದಲು ಐದು ಎಣಿಸುವಷ್ಟು ಹೊತ್ತು, ಆಮೇಲೆ ಹತ್ತು ಎಣಿಸುವಷ್ಟು ಹೊತ್ತು ಕಣ್ಣ ಮುಂದೆ ಬರೀ ಹಾಲು ಚೆಲ್ಲಿದ ಹಾಗೆ. ಪ್ರತಿ ದೀಪದ ಸುತ್ತಲೂ ಬಳೆ ತೊಡಿಸಿದಂತೆ ಒಂದು ಉಂಗುರ. ಮನೆಯಂಗಳದಲ್ಲಿ ನಿಂತು ನೋಡಿದರೆ ಚಂದ್ರನಿಗೂ ಉಂಗುರ. ಆಗ ನನಗೆ ನಲವತ್ತೆರಡು.

ಯಾರಿಗೂ ಹೇಳಲಿಲ್ಲ. ಕಣ್ಣು ಸರಿಯಿಲ್ಲದ ಡ್ರೈವರನ ಜೀಪು ಯಾರು ಹತ್ತುತ್ತಾರೆ? ನಾನೇ ಉಪಾಯ ಹುಡುಕಿಕೊಂಡೆ. ಗಾಜನ್ನು ಒಳಗಿನಿಂದಲೂ ಹಳೆಯ ಪೇಪರಿನಿಂದ ತಿಕ್ಕಿದೆ. ಲಾರಿ ಹತ್ತಿರ ಬರುವ ಮುಂಚೆ ಒಂದು ಕಣ್ಣು ಮುಚ್ಚಿಟ್ಟುಕೊಂಡು, ಅದು ದಾಟಿದ ಕೂಡಲೇ ಆ ಕಣ್ಣು ತೆರೆಯುವುದನ್ನು ಅಭ್ಯಾಸ ಮಾಡಿದೆ. ಚಳ್ಳಕೆರೆ ಪೇಟೆಯಲ್ಲಿ ಫುಟ್‌ಪಾತಿನ ಮೇಲೆ ಕನ್ನಡಕ ಮಾರುವ ಸಾಬರ ಹತ್ತಿರ ಹಳದಿ ಗಾಜಿನದೊಂದನ್ನು ತಂದೆ. "ರಾತ್ರಿಗೆ ಏಕ್‌ದಮ್ ಬೆಸ್ಟ್ ಐತೆ ಭಾಯ್" ಎಂದಿದ್ದರು. ಹಾಕಿಕೊಂಡು ಓಡಿಸಿದರೆ ಲಾರಿಯ ದೀಪದ ಜೊತೆಗೆ ನನ್ನ ದೀಪವೂ ಮಂಕಾಯಿತು. ತೆಗೆದು ಸೀಟಿನ ಅಡಿಗೆ ಹಾಕಿದೆ.

ಹೆಂಡತಿಗೆ ಮಾತ್ರ ಗೊತ್ತಾಗಿತ್ತು. ನಾನು ಹೇಳಿದ್ದಲ್ಲ. ದೀಪದ ಕೆಳಗೆ ಊಟಕ್ಕೆ ಕೂತಾಗ ನಾನು ಕೈಯಿಂದ ಕಣ್ಣಿಗೆ ಮರೆ ಮಾಡಿಕೊಳ್ಳುವುದನ್ನು ಅವಳು ನೋಡಿದ್ದಳು. "ಕಣ್ಣು ತೋರಿಸ್ರಿ" ಎಂದು ಎರಡು ಸಲ ಹೇಳಿದಳು. "ಧೂಳು ಬಿಡು" ಎಂದೆ.

ಒಂದು ದಿನ ಅವಳನ್ನು ತವರಿನಿಂದ ಕರೆತರಲು ಪರಶುರಾಂಪುರಕ್ಕೆ ಹೋಗಿದ್ದೆ. ಬೆಳಕಿರುವಾಗಲೇ ಮನೆ ಸೇರುವ ಲೆಕ್ಕ. ಆದರೆ ಚಳ್ಳಕೆರೆ ಹತ್ತಿರ ಶೇಂಗಾ ಮೂಟೆ ತುಂಬಿದ ಟ್ರ್ಯಾಕ್ಟರೊಂದು ಟ್ರೇಲರ್ ಸಮೇತ ಅಡ್ಡ ಬಿದ್ದು, ರಸ್ತೆ ಬಿಡುವ ಹೊತ್ತಿಗೆ ಹೊತ್ತು ಮುಳುಗಿತ್ತು.

"ಇಲ್ಲೇ ಉಳ್ಕಂಡು ಬೆಳಿಗ್ಗೆ ಹೋಗಾನ" ಎಂದಳು ಹೆಂಡತಿ. "ನಮ್ಮ ಚಿಕ್ಕಮ್ಮನ ಮನೆ ಐತಲ್ಲ."

"ಬೆಳಿಗ್ಗೆ ಟ್ರಿಪ್ ಐತೆ."

"ನಿಮಗೆ ಕಾಣ್ತೈತಾ?"

"ಹತ್ತು ವರ್ಷದಿಂದ ಓಡಿಸಿದ ರಸ್ತೆ. ಕಣ್ಣು ಮುಚ್ಚಿದ್ರೂ ಹೋಗ್ತೀನಿ."

ಅವಳು ಸೆರಗು ಬಿಗಿಯಾಗಿ ಹೊದ್ದು ಮುಂದಿನ ಸೀಟಿನಲ್ಲಿ ಕೂತಳು. ಹಿಂದೆ ಯಾರೂ ಇರಲಿಲ್ಲ, ತವರಿನವರು ಕೊಟ್ಟ ಈರುಳ್ಳಿ ಚೀಲ ಮಾತ್ರ. ತಳಕಿನವರೆಗೆ ಲಾರಿಗಳು ಬಿಡಿಬಿಡಿಯಾಗಿ ಬಂದವು. ಆಮೇಲೆ ದೂರದಲ್ಲಿ ಸಾಲು ಕಾಣಿಸಿತು. ಬಯಲಿನಲ್ಲಿ ಅದು ಮೊದಲು ಒಂದೇ ಬೆಳಕಿನ ಹಾಗಿರುತ್ತದೆ, ಹತ್ತಿರವಾದಂತೆ ಬಿಡಿಸಿಕೊಳ್ಳುತ್ತದೆ. ನಾಲ್ಕು ಲಾರಿ. ಹೆಂಡತಿಯ ಕೈ ಮುಂದಿನ ಹಿಡಿಕೆಗೆ ಹೋದದ್ದು ನನಗೆ ಗೊತ್ತಾಯಿತು.

ಮೊದಲನೆಯದು ದಾಟಿತು. ಅಂಚು ಹುಡುಕಿದೆ, ಸಿಗಲಿಲ್ಲ. ಎರಡನೆಯದು ದಾಟುವಾಗ ಗಾಜೆಲ್ಲ ಒಂದೇ ಬಿಳಿ. ವೇಗ ಕಡಿಮೆ ಮಾಡಬೇಕಿತ್ತು. ಮಾಡಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಮಾಡಿರಲಿಲ್ಲ. ಬೇಗ ದಾಟಿಬಿಟ್ಟರೆ ಸಾಕು ಎಂದು ಕಾಲು ಇನ್ನಷ್ಟು ಒತ್ತಿದ್ದೆ. ಬಲಕ್ಕೆ ಲಾರಿಗಳಿವೆ ಎಂಬ ಹೆದರಿಕೆಯಲ್ಲಿ ಎಡಕ್ಕೆ, ಇನ್ನೂ ಎಡಕ್ಕೆ ಎಳೆದೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಜೀಪಿನ ಎಡ ಮೂಲೆಗೆ ಏನೋ ಬಡಿಯಿತು. ಮೆತ್ತಗಿನ ಸದ್ದು. ಅದರ ಹಿಂದೆಯೇ ಒಂದು ಕೂಗು.

ನಾನು ನಿಲ್ಲಿಸಲಿಲ್ಲ.

"ನಿಲ್ಲಿಸ್ರಿ" ಎಂದಳು ಹೆಂಡತಿ.

"ಕಲ್ಲು. ಅಂಚಿನಾಗೆ ಇಟ್ಟಿರ್ತಾರೆ."

"ಕಲ್ಲು ಕೂಗಲ್ಲ. ನಿಲ್ಲಿಸ್ರಿ."

ಆಗಲೂ ನಾನು ಒಂದು ಮೈಲಿಯಷ್ಟು ಬಂದೆ. ಗಾಡಿ ಬಡಿದ ಕಡೆ ಜನ ಸೇರಿ ಡ್ರೈವರುಗಳಿಗೆ ಹೊಡೆದದ್ದು ನನಗೆ ಗೊತ್ತಿತ್ತು. ಅವಳು ಕೂಗಾಡಲಿಲ್ಲ, ಅಳಲಿಲ್ಲ. "ಹೋಗ್ರಿ ಹಂಗಾದ್ರೆ. ನಾನು ಇಳಿದು ನಡ್ಕಂಡು ವಾಪಸ್ ಹೋಗ್ತೀನಿ" ಎಂದು ಬಾಗಿಲಿನ ಚಿಲಕಕ್ಕೆ ಕೈ ಹಾಕಿದಳು. ಜೀಪು ಓಡುತ್ತಲೇ ಇತ್ತು. ನಾನು ಬ್ರೇಕ್ ಒತ್ತಿದೆ. ರಸ್ತೆ ಬಿಟ್ಟು ಇಳಿಸಿ, ತಿರುಗಿಸಿದೆ.

ವಾಪಸ್ ಬರುವಾಗ ಎದುರಿಗೆ ಯಾವ ಲಾರಿಯೂ ಇರಲಿಲ್ಲ. ಕತ್ತಲಿನಲ್ಲಿ ನೆಲದ ಹತ್ತಿರ ಹಸಿರು ಚುಕ್ಕಿಗಳು ಕಂಡವು. ಹತ್ತು, ಐವತ್ತು, ನೂರು. ಎಲ್ಲವೂ ನನ್ನ ಕಡೆಗೇ ತಿರುಗಿದ್ದವು. ಕುರಿಗಳ ಕಣ್ಣು. ರಸ್ತೆಯ ಎರಡೂ ಬದಿಗೆ ಹಿಂಡು ಚದುರಿ ನಿಂತಿತ್ತು. ನಡುವೆ ನಾಲ್ಕೈದು ಜನ. ಅವರೆಲ್ಲ ತೋಳೆತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದರು. ಯಾಕೆ ಹಾಗೆ ನಿಂತಿದ್ದಾರೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ನನ್ನ ದೀಪ ಅವರ ಕಣ್ಣಿಗೆ ಹೊಡೆಯುತ್ತಿತ್ತು. ಆರಿಸಿದೆ.

ಆರಿಸಿದ ಮೇಲೆ ನರಳುವ ಸದ್ದು ಜೋರಾಗಿ ಕೇಳಿಸಿತು.

ಬ್ಯಾಟರಿ ಹಿಡಿದು ಇಳಿದೆ. ಹೆಂಡತಿ ಹಿಂದೆಯೇ ಬಂದಳು. ರಸ್ತೆಯಂಚಿನಲ್ಲಿ ಒಂದು ಕತ್ತೆ ಮಗ್ಗುಲಾಗಿ ಬಿದ್ದಿತ್ತು. ಆಂಧ್ರದ ಗಡಿ ಕಡೆಯ ಕುರಿಗಾಹಿಗಳು ಊರೂರು ಅಲೆಯುವಾಗ ಮನೆಯ ಸಾಮಾನನ್ನೆಲ್ಲ ಕತ್ತೆಯ ಮೇಲೆ ಹೇರುತ್ತಾರೆ. ಬೆನ್ನಿನ ಎರಡೂ ಕಡೆ ಇಳಿಬಿಟ್ಟ ಗೋಣಿಚೀಲ, ಒಂದರಲ್ಲಿ ಪಾತ್ರೆ, ಹಿಟ್ಟು. ಇನ್ನೊಂದರಲ್ಲಿ ನಡೆಯಲಾರದ ಮರಿಗಳು, ಕೆಲವು ಸಲ ಕೂಸುಗಳು. ಅದನ್ನು ನಾನು ಹಗಲಿನಲ್ಲಿ ನೂರು ಸಲ ನೋಡಿದ್ದೆ. ಜೀಪು ಬಡಿದದ್ದು ರಸ್ತೆ ಕಡೆಯ ಚೀಲಕ್ಕೆ. ಪಾತ್ರೆ ಅದರಲ್ಲಿರಲಿಲ್ಲ. ಬ್ಯಾಟರಿ ಬೆಳಕಿನಲ್ಲಿ ಹರಿದ ಚೀಲದಿಂದ ಈಚೆ ಬಂದಿದ್ದ ಒಂದು ಪುಟ್ಟ ಕೌದಿ ಕಂಡಿತು. ಹಳದಿ, ಕೆಂಪು ತುಂಡುಗಳನ್ನು ಸೇರಿಸಿ ಹೊಲಿದದ್ದು, ಮೊಳದುದ್ದ.

"ಮಗು?" ಎಂದೆ. ನಾನು ಅಲ್ಲೇ ಕುಕ್ಕರಿಸಿದೆ. ಕೌದಿ ಎತ್ತಲು ಕೈ ಮುಂದೆ ಹೋಗಲಿಲ್ಲ. ಹೆಂಡತಿ ಬಗ್ಗಿ ಎತ್ತಿದಳು. ಅದರೊಳಗೆ ಏನೂ ಇರಲಿಲ್ಲ.

ಕತ್ತಲಿನಿಂದ ಒಬ್ಬ ಹೆಣ್ಣುಮಗಳು ಮುಂದೆ ಬಂದಳು. ಅವಳ ಸೊಂಟದ ಮೇಲೆ ಕೂಸಿತ್ತು. ಕಣ್ಣು ಬಿಟ್ಟುಕೊಂಡು ಬ್ಯಾಟರಿಯನ್ನೇ ನೋಡುತ್ತಿತ್ತು. "ಬಿಡ್ಡ ಅಳ್ತಿತ್ತು" ಎಂದಳು, ಅರ್ಧ ತೆಲುಗಿನಲ್ಲಿ, ಯಾರನ್ನೂ ನೋಡದೆ. "ಆ ಮೋರಿ ತಾವ ಎತ್ಕಂಡೆ." ಮೋರಿ ಅಲ್ಲಿಂದ ಒಂದು ಕೂಗಳತೆಯ ದೂರವೂ ಇರಲಿಲ್ಲ. ಅಷ್ಟು ಹೇಳಿ ಅವಳು ಮಗುವನ್ನು ಎದೆಗೆ ಒತ್ತಿಕೊಂಡು ರಸ್ತೆಯ ಮೇಲೇ ಕೂತುಬಿಟ್ಟಳು. ನನ್ನ ಹೆಂಡತಿ ಅವಳ ಪಕ್ಕದಲ್ಲಿ ಕೂತಳು.

ಅವರಲ್ಲಿ ಹಿರಿಯ, ಆ ಹೆಣ್ಣುಮಗಳ ಮಾವ, ನನ್ನ ಹತ್ತಿರ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

"ನಾವು ಡಾಂಬರು ಬಿಟ್ಟು ಅಂಚಿಗೆ ಬರ್ತಿದ್ವಿ. ನಿನಗೆ ಕಾಣ್ಲಿಲ್ವಾ?"

ಲಾರಿಯವರ ಲೈಟು ಎಂದು ಹೇಳಬಹುದಿತ್ತು. ಅವರೂ ಆ ಲಾರಿಗಳನ್ನು ನೋಡಿದ್ದರು, ನಂಬುತ್ತಿದ್ದರು. ಮಾತು ಬಾಯಿಗೆ ಬಂದಿತ್ತು ಕೂಡ. ಹೆಂಡತಿ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

"ನನಗೆ ಕಣ್ಣು ಸರಿ ಇಲ್ಲ" ಎಂದೆ. "ಒಂದು ವರ್ಷ ಆತು. ಯಾರಿಗೂ ಹೇಳಿಲ್ಲ."

ಹಿರಿಯನ ಮಗ, ಮಗುವಿನ ತಂದೆ, ನನ್ನನ್ನು ದಾಟಿ ಜೀಪಿನ ಮುಂದೆ ಹೋದ. ಕೋಲೆತ್ತಿ ಒಂದು ದೀಪಕ್ಕೆ ಹೊಡೆದ, ಆಮೇಲೆ ಇನ್ನೊಂದಕ್ಕೆ. ಗಾಜು ಉದುರುವ ಸದ್ದಿಗೆ ಕುರಿಗಳು ಸರಕ್ಕನೆ ಹಿಂದೆ ಸರಿದವು. ಮೂರನೆಯ ಏಟು ನನಗೇ ಎಂದು ಕಾದು ನಿಂತೆ. ಅವನು ಕೋಲು ಬಿಸಾಡಿ ಕತ್ತೆಯ ತಲೆಯ ಹತ್ತಿರ ಹೋಗಿ ಕೂತ.

ಕತ್ತೆಯ ಹಿಂಗಾಲು ಎರಡೂ ಮುರಿದಿದ್ದವು. ಅದು ಸಾಯಲು ಬಹಳ ಹೊತ್ತು ಹಿಡಿಯಿತು. ಹೆಂಡತಿ ಜೀಪಿನಲ್ಲಿದ್ದ ನೀರಿನ ಕ್ಯಾನು ತಂದು ಅದರ ಬಾಯಿಗೆ ಸ್ವಲ್ಪ ಸ್ವಲ್ಪ ಬಿಟ್ಟಳು. ಲಾರಿಗಳು ಬರುತ್ತಲೇ ಇದ್ದವು. ಪ್ರತಿ ಸಲವೂ ಕುರಿ, ಕತ್ತೆ, ಜನ ಎಲ್ಲ ಒಮ್ಮೆ ಬಿಳಿಯಾಗಿ ಕಂಡು ಮತ್ತೆ ಇಲ್ಲವಾಗುತ್ತಿತ್ತು. ಒಂದು ಲಾರಿಯೂ ನಿಲ್ಲಲಿಲ್ಲ. ನಿಧಾನವೂ ಮಾಡಲಿಲ್ಲ. ಹಿಂಡು ರಸ್ತೆಗೆ ಬರದಂತೆ ನಾನು ಬ್ಯಾಟರಿ ಆಡಿಸುತ್ತ ಅಂಚಿನಲ್ಲಿ ನಿಂತೆ. ಆ ರಸ್ತೆಯಲ್ಲಿ ಕಾಲ ಮೇಲೆ ನಿಂತು ಲಾರಿಯ ಬೆಳಕನ್ನು ಎದುರಿಸಿದ್ದು ಅದೇ ಮೊದಲು. ಬೆಳಕಿನ ಹಿಂದೆ ಎಷ್ಟು ದೊಡ್ಡ ಗಾಡಿ ಇದೆ, ಎಷ್ಟು ದೂರದಲ್ಲಿದೆ, ಯಾವುದೂ ತಿಳಿಯುತ್ತಿರಲಿಲ್ಲ. ನೆಲ ನಡುಗಿದಾಗ ಮಾತ್ರ ಹತ್ತಿರ ಬಂತು ಎಂದು ಗೊತ್ತಾಗುತ್ತಿತ್ತು.

ಬೆಳಗಾಗುವ ಮುಂಚೆ ಕತ್ತೆ ಸತ್ತಿತು. ಹೂಳಲು ನಾನೂ ಮಣ್ಣು ಅಗೆದೆ.

"ಪೊಲೀಸು ಗಿಲೀಸು ಬ್ಯಾಡ" ಎಂದ ಹಿರಿಯ, ಬೆಳಕು ಹರಿದ ಮೇಲೆ. "ಅಲ್ಲಿಗೆ ತಿರುಗ್ತಾ ಕೂತ್ರೆ ಕುರಿ ಕಾಯೋರು ಯಾರು? ಈ ಸಾಮಾನು ಹೊರೋರು ಯಾರು ಅಂತ ಹೇಳು."

"ನಾನು ಹೊರ್ತೀನಿ" ಎಂದೆ.

ಅವರಿಗೆ ಇನ್ನೊಂದು ಕತ್ತೆ ಸಿಗುವವರೆಗೆ ಒಂಬತ್ತು ದಿನ ನಾನು ಅವರ ಹಿಂದೆ ಹೋದೆ. ಹಗಲು ಮಾತ್ರ. ಜೀಪಿನಲ್ಲಿ ಪಾತ್ರೆ, ಹಿಟ್ಟಿನ ಚೀಲ, ಮರಿಗಳು. ಅವರು ಯಾವ ಹೊಲದಲ್ಲಿ ಹಿಂಡು ನಿಲ್ಲಿಸುತ್ತಾರೋ ಅಲ್ಲಿಗೆ ಮುಂಚೆಯೇ ಸಾಮಾನು ಇಳಿಸಿ ಕಾಯುತ್ತಿದ್ದೆ. ಆ ತಾಯಿ ಮಗುವನ್ನು ಒಂದು ದಿನವೂ ಜೀಪಿನಲ್ಲಿ ಕೂರಿಸಲಿಲ್ಲ. ಹೊತ್ತುಕೊಂಡೇ ನಡೆದಳು. ಮಗುವಿನ ತಂದೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಹಿರಿಯ ಮಾತ್ರ ಕೊನೆಯ ದಿನ ಒಂದು ಲೋಟ ಮೇಕೆ ಹಾಲಿನ ಟೀ ಕೊಟ್ಟು, "ಕಣ್ಣು ತೋರಿಸ್ಕ" ಎಂದ.

ಚಳ್ಳಕೆರೆಯಲ್ಲಿ ಕಣ್ಣಿನ ಶಿಬಿರ ನಡೆದಾಗ ಹೆಂಡತಿಯೇ ಕರೆದುಕೊಂಡು ಹೋದಳು. ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಈ ವಯಸ್ಸಿಗೆ ಬರಬಾರದು, ಕೆಲವರಿಗೆ ಬರುತ್ತದೆ ಎಂದರು. "ರಾತ್ರಿ ಗಾಡಿ ಓಡಿಸ್ತಿದ್ರಾ?" ಎಂದು ಕೇಳಿದರು. ಹೂಂ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಒಂದಾದ ಮೇಲೆ ಒಂದರಂತೆ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಜೀಪಿಗೆ ಹೊಸ ದೀಪ ಹಾಕಿಸಿದೆ, ಆದರೆ ಹೊತ್ತು ಮುಳುಗಿದ ಮೇಲೆ ಅದನ್ನು ಅಂಗಳದಿಂದ ಈಚೆ ತೆಗೆಯಲಿಲ್ಲ. ಜನ ಕೇಳಿದರೆ ಇದ್ದದ್ದನ್ನು ಹೇಳಿದೆ. ಕೆಲವರು ನನ್ನ ಜೀಪು ಹತ್ತುವುದನ್ನು ಬಿಟ್ಟರು. ಹೆಚ್ಚಿನವರು ಬಿಡಲಿಲ್ಲ.

ಎರಡನೆಯ ಕಣ್ಣಿನ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಒಂದು ಮಧ್ಯಾಹ್ನ ನನಗೆ ನೆನಪಾಯಿತು. ಕತ್ತೆಗೆ ಬಡಿದ ರಾತ್ರಿಗೂ ಹಿಂದೆ, ಆ ವರ್ಷವೇ ಒಮ್ಮೆ, ಹಾನಗಲ್ ಕ್ರಾಸಿಗೆ ಮುಂಚೆ, ಲಾರಿ ಬೆಳಕಿನ ನಡುವೆ ಎಡ ಚಕ್ರ ಏನನ್ನೋ ಹತ್ತಿ ಇಳಿದಿತ್ತು. ಜೀಪಿನ ತುಂಬ ಜನರಿದ್ದರು, ಮಾತಾಡುತ್ತಿದ್ದರು. ನಾನು ನಿಲ್ಲಿಸಿರಲಿಲ್ಲ. ಬೆಳಿಗ್ಗೆ ಚಕ್ರವನ್ನೂ ನೋಡಿರಲಿಲ್ಲ.

ಹೆಂಡತಿಗೆ ಹೇಳಿದೆ. "ಹೋಗಿ ಕೇಳ್ಕಂಡು ಬರಾನ" ಎಂದಳು.

ಪಟ್ಟಿ ಬಿಚ್ಚಿದ ಮೇಲೆ ಬಸ್ಸಿನಲ್ಲಿ ಹೋಗಿ ಆ ಕಡೆ ಇಳಿದೆವು. ಮಧ್ಯಾಹ್ನದ ಬಿಸಿಲು. ಡಾಂಬರಿನ ಅಂಚು, ಪಕ್ಕದ ಕಲ್ಲು, ಜಾಲಿಯ ಮುಳ್ಳು ಎಲ್ಲವೂ ಕೆತ್ತಿಟ್ಟ ಹಾಗೆ ಕಾಣುತ್ತಿದ್ದವು. ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕೇಳಿದೆ, ಹೋದ ವರ್ಷ ಇಲ್ಲಿ ರಾತ್ರಿ ಹೊತ್ತು ಯಾರಿಗಾದರೂ, ಯಾವುದಕ್ಕಾದರೂ ಗಾಡಿ ಬಡಿದಿತ್ತಾ ಎಂದು.

ಅಂಗಡಿಯವನು ಲೋಟ ತೊಳೆಯುತ್ತಿದ್ದ. "ಯಾವ ರಾತ್ರಿ ಹೇಳ್ರಿ" ಎಂದ. "ಇಲ್ಲಿ ಒಂದಾ, ಎರಡಾ?"

ಯಾವ ರಾತ್ರಿ ಎಂದು ನನಗೆ ಗೊತ್ತಿರಲಿಲ್ಲ.