ಬದನೆಗಿಡಕ್ಕೆ ಬಾಗಿದ ಬೆನ್ನು

ಬಾಗುವುದರಲ್ಲಿಯೂ ಮನುಷ್ಯನ ಸೊಂಟಕ್ಕೆ ಪಕ್ಷಪಾತವಿದೆ. ಬಳ್ಳಾರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಬಂದುಹೋದ ದೊರೆಗಳಿಗೆಲ್ಲ ಇಪ್ಪತ್ತು ವರ್ಷ ಬಾಗಿದ ನನ್ನ ಸೊಂಟ ಒಂದು ದಿನವಾದರೂ ಗೊಣಗಲಿಲ್ಲ. ಆ ದೊರೆಗಳು ಹಡಗು ಹತ್ತಿ ಹೋದ ಮೇಲೆ, ಕೌಲ್ ಬಜಾರಿನ ನಮ್ಮ ಬಾಡಿಗೆ ಮನೆಯ ಹಿತ್ತಲಿನಲ್ಲಿ ಒಂದು ಬದನೆಗಿಡಕ್ಕೆ ಬಾಗಿದ್ದೇ ತಡ, ಮೂರನೆಯ ದಿನಕ್ಕೆ ಸಂಪೂರ್ಣ ಅಸಹಕಾರ ಹೂಡಿತು.

ನಿಜ ಹೇಳಬೇಕೆಂದರೆ ಆ ಹಿತ್ತಲು ನನ್ನದಲ್ಲ, ನನ್ನ ಹೆಂಡತಿ ನೀಲಮ್ಮನದು. ರಾರಾವಿಯ ಹೊಳೆದಂಡೆಯಲ್ಲಿ ಬೆಳೆದವಳು. ಯುದ್ಧದ ಕಾಲದಲ್ಲಿ ಕಾಯಿಪಲ್ಯ ತುಟ್ಟಿಯಾದಾಗ ಕಲ್ಲುಮಿಶ್ರಿತ ಕೆಮ್ಮಣ್ಣಿನಲ್ಲಿ ಬದನೆ, ಚವಳಿ, ಪುಂಡಿಪಲ್ಯ ಎಬ್ಬಿಸಿದಳು. ತೌರಿನಿಂದ ತಂದ ಒಂದು ಪದ್ಧತಿ ಅವಳದಿತ್ತು: ಕಳೆ ಕೀಳಲು ಬಗ್ಗುತ್ತಿರಲಿಲ್ಲ, ಕುಕ್ಕರಗಾಲಿನಲ್ಲಿ ಕೂತು ಸರಿಯುತ್ತಿದ್ದಳು, ಎರಡು ಸಣ್ಣ ಬಿಂದಿಗೆಗಳನ್ನು ಅರ್ಧರ್ಧ ತುಂಬಿ, ಎರಡೂ ಕೈಗೆ ಸಮವಾಗಿ ಹಿಡಿದು ನೀರು ತರುತ್ತಿದ್ದಳು, ತುಸು ಹೊತ್ತು ಅಗೆದರೆ ತುಸು ಹೊತ್ತು ಕೂತು ಸೊಪ್ಪು ಬಿಡಿಸುತ್ತಿದ್ದಳು. ಬೆನ್ನನ್ನು ಉಳಿಸಿಕೊಳ್ಳುವ ಶಾಸ್ತ್ರವೆಲ್ಲ ಇಷ್ಟೇ ಎಂದು ಈಗ ಬಲ್ಲೆ. ಆಗ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದ ಈ ಪಂಡಿತನ ಕಣ್ಣಿಗೆ ಅದು ಬರೀ ಕಾಲಹರಣ. ಇಪ್ಪತ್ತು ಸಲ ಓಡಾಡುವ ಬದಲು ಐದು ಸಲ ಸಾಲದೇ ಎಂದು ತರ್ಕಿಸಿ ದೊಡ್ಡ ಹಿತ್ತಾಳೆ ಕೊಡವೊಂದನ್ನು ತಂದುಕೊಟ್ಟೆ; ಕಂಠದವರೆಗೂ ತುಂಬು ಎಂದೆ. ನಾನು ಓದಿದವನೆಂಬ ಗೌರವ ಅವಳಿಗೆ. ತುಂಬಿದಳು. ಆರು ವರ್ಷ ಹೊತ್ತಳು.

ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಆ ಕೊಡವೆತ್ತಲು ಬಗ್ಗಿದವಳು ಮೇಲೇಳಲಿಲ್ಲ. ಬೆನ್ನುಮೂಳೆ ಸವೆದು ಜಾರಿದೆ, ಕಾಲಿನ ಶಕ್ತಿಯೂ ಇಳಿಯುತ್ತಿದೆ, ಇನ್ನು ಎದ್ದು ಓಡಾಡುವ ಆಸೆ ಬೇಡ ಎಂದರು ಡಾಕ್ಟರು. ಹಿತ್ತಲು ಕಾಣಲೆಂದು ಅವಳ ಮಂಚವನ್ನು ಹಿಂಬಾಗಿಲ ಬಳಿ ಹಾಕಿದೆ. ಅದು ದಯೆಯೋ ಶಿಕ್ಷೆಯೋ ಇಂದಿಗೂ ತಿಳಿಯದು. ಅವಳ ಕಣ್ಣೆದುರೇ ಗಿಡಗಳು ಬಾಡತೊಡಗಿದವು. ಅವು ಬಾಡಿದಷ್ಟೂ ಅವಳ ಮಾತು, ಊಟ ಎರಡೂ ಕಡಿಮೆಯಾದವು. ಹಿತ್ತಲು ಒಣಗಿದರೆ ಇವಳೂ ಉಳಿಯಲಾರಳು ಎಂಬ ಭಯ ಹುಟ್ಟಿತು. ಗುದ್ದಲಿಯ ಹಿಡಿ ಯಾವುದೆಂದು ಆಗಷ್ಟೇ ಅರಿತ ನಾನು ಮಣ್ಣಿಗಿಳಿದೆ, ಮೂರನೆಯ ದಿನ ಪ್ರಶ್ನಾರ್ಥಕ ಚಿಹ್ನೆಯಾಗಿ ಹೊರಗೆ ಬಂದೆ.

ಆಮೇಲಿನ ಚಿಕಿತ್ಸೆಗಳನ್ನು ಕೇಳಿ ನೀವು ನಕ್ಕರೆ ನನ್ನ ಆಕ್ಷೇಪಣೆಯಿಲ್ಲ. ಉಪ್ಪಿನ ಗಂಟಿನ ಶಾಖ ಕೊಟ್ಟುಕೊಳ್ಳಹೋಗಿ, ಕೈ ಎಟುಕದೆ, ಏನೂ ತಪ್ಪು ಮಾಡದ ಪಕ್ಕೆಯನ್ನು ಸುಟ್ಟುಕೊಂಡೆ. ಔಡಲ ಎಲೆ ಕಟ್ಟಿಕೊಂಡು ಕಚೇರಿಗೆ ಹೋದೆ. ನನಗಿಂತ ಮೊದಲು ನನ್ನ ವಾಸನೆ ಹಾಜರಿ ಹಾಕಿತು. ಕುರುಗೋಡಿಗೆ ಹೋಗಿ ಎಣ್ಣೆ ತಿಕ್ಕಿಸಿಕೊಂಡೆ; ತಿಕ್ಕಿದವನು ಸರಿಪಡಿಸಿದ್ದನ್ನು ಮರಳುವ ಬಸ್ಸು ಕೆಡಿಸಿತು. ಈ ನಡುವೆ ಚವಳಿಗಿಡಗಳು ಪೂರ್ತಿ ಒಣಗಿದವು.

ಕೊನೆಗೆ ಪಕ್ಕದ ಮನೆಯ ಖಾಸಿಂಬಿ ಗೋಡೆಯಾಚೆಯಿಂದ ಗದರಿದಳು: "ಅಣ್ಣಾರ, ಮನ್ಯಾಗ ಮದ್ದು ಇಟ್ಕೊಂಡು ಊರೂರು ಯಾಕ ತಿರುಗ್ತೀರಿ? ಅಕ್ಕನ ಕಾಲಿಗೆ ಬೆನ್ನು ಕೊಡ್ರಿ!"

ನೀಲಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಬೆನ್ನಿಗೆ ಒದ್ದರೆ ಉಳುಕು ಬಿಡುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಹಮಾಲರು, ದರ್ಜಿಗಳು, ಜಟಕಾದವರು, ಸ್ವತಃ ಖಾಸಿಂಬಿ, ಎಲ್ಲರೂ ನಮ್ಮ ಪಡಸಾಲೆಯಲ್ಲಿ ಬೆನ್ನೊಡ್ಡಿ ಕೂತು, ಒದೆಸಿಕೊಂಡು, ಕೃತಜ್ಞರಾಗಿ ಹೋದವರೇ. ನಾನೊಬ್ಬ ಬಾಕಿ. ಗಂಡನಿಗೆ ಅಕಸ್ಮಾತ್ ಕಾಲು ತಾಗಿದರೂ ಮುಟ್ಟಿ ನಮಸ್ಕರಿಸುವವಳು, ಒದೆಯುವ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಅಂದು ಅವಳೇ ಕರೆದಳು. "ಬರ್ರಿ, ಇಲ್ಲಿ ಕೂಡ್ರಿ."

"ಪಾಪ ಅಂತಿದ್ದೆಲ್ಲ, ನೀಲಾ?"

"ಬಂದ್ರ ನನಗ ಬರ್ಲಿ ಬಿಡ್ರಿ. ಅಲ್ಲಿ ಗಿಡ ಒಣಗಾಕ ಹತ್ಯಾವ."

ಮಂಚದ ಪಕ್ಕ ನೆಲದ ಮೇಲೆ, ಅವಳಿಗೆ ಬೆನ್ನು ಮಾಡಿ ಕೂತೆ. ಹಲ್ಲು ಕಚ್ಚಿ ಒದೆತಕ್ಕೆ ಕಾದೆ. ಹಿಂದೆ ಅವಳು ಎರಡೂ ಕೈಯಿಂದ ತನ್ನ ಕಾಲನ್ನು ಎತ್ತಿ ತರುವ ಸದ್ದು, ಉಸಿರಿನ ಏದುಬ್ಬಸ ಕೇಳಿತು. ಬಹಳ ಹೊತ್ತಿನ ಮೇಲೆ ಪಾದವೊಂದು ನನ್ನ ಬೆನ್ನಿಗೆ ತಾಗಿತು. ಒದೆಯಲಿಲ್ಲ, ತಣ್ಣಗೆ ಒರಗಿತು, ಆಮೇಲೆ ತಾನಾಗಿಯೇ ಜಾರಿ ಬಿತ್ತು. ಮೂಟೆ ಹೊರುವವರನ್ನು ಒಂದೇ ಏಟಿಗೆ ನೆಟ್ಟಗೆ ನಿಲ್ಲಿಸಿದ ಕಾಲು ಅದು. ನನ್ನ ಕಣ್ಣು ತುಂಬಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಹೋತೇನ್ರಿ?" ಎಂದಳು.

"ಹೋತು," ಎಂದೆ.

ಸುಳ್ಳಿಗೆ ಸಾಕ್ಷಿ ಒದಗಿಸಬೇಕಲ್ಲ, ಗೋಡೆ ಹಿಡಿಯದೆ ಎದ್ದೆ. ನೋವು ನೆತ್ತಿಗೇರಿತು. ಬಿಂದಿಗೆ ಹಿಡಿದು, ಕಂಬದಂತೆ ನೆಟ್ಟಗೆ ನಡೆದು, ಬಗ್ಗಲಾರದೆ ನಿಂತಲ್ಲಿಂದಲೇ ಬದನೆಗಿಡಕ್ಕೆ ನೀರು ಸುರಿದೆ. ಅಷ್ಟೆತ್ತರದಿಂದ ಬಿದ್ದ ನೀರಿಗೆ ಬುಡದ ಮಣ್ಣು ಕೊಚ್ಚಿಹೋಗಿ ಬೇರು ಹೊರಬಿದ್ದಿತು.

ಮಂಚದಿಂದ ಅವಳ ದನಿ ಮೆಲ್ಲಗೆ ಬಂತು: "ಹೋಗಿಲ್ಲಲ್ರೀ..."

ಕೇಳಿಸದವನಂತೆ ನಾನು ಮುಂದಿನ ಗಿಡಕ್ಕೆ ಹೋದೆ.