ಐದನೆಯ ದಿನ ಬರೆದ ಹೆಸರು

ಮಮದಾಪುರದ ಕೇರಿಯ ಗುಡ್ಡವ್ವ ಎರಡು ಕೂಸು ಹೆತ್ತು ಎರಡನ್ನೂ ಮಣ್ಣಿಗೆ ಕೊಟ್ಟಿದ್ದಳು. ಮೊದಲನೆಯದು ಗಂಡು, ಆಮೇಲಿನದು ಹೆಣ್ಣು. ಎರಡೂ ಎಂಟನೆಯ ದಿನ ದವಡೆ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಬಗ್ಗಿಸಿ ಸತ್ತವು. ಹೆಸರಿಡುವಷ್ಟು ದಿನವೂ ಉಳಿಯಲಿಲ್ಲ. ಏನೆಂದು ಕರೆದು ಅಳಬೇಕು ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಮೂರನೆಯ ಸಲ ಬಸುರಾದ ವರ್ಷ ಅವಳ ಗಂಡ ಲಗಮಪ್ಪ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತಗೊಂಡು ಬಂದ. ಬಂದವನೇ ಜಗಲಿಯ ದೇವರನ್ನೆಲ್ಲ ಬುಟ್ಟಿಗೆ ತುಂಬಿ ಹೊಳೆಗೆ ಬಿಟ್ಟ. ಗೌಡರ ದನ ಸತ್ತರೆ ಇನ್ನು ಎಳೆಯುವುದಿಲ್ಲ ಎಂದ. ಊರವರು ಕೂಲಿಗೆ ಕರೆಯುವುದನ್ನು ನಿಲ್ಲಿಸಿದರು. ಮೂಡಲಗಿ ಕಡೆ ಬೆಲ್ಲದ ಗಾಣವೊಂದರಲ್ಲಿ ಒಲೆಗೆ ಕಬ್ಬಿನ ಒಣ ರವದಿ ಹಾಕುವ ಕೆಲಸ ಹಿಡಿದ. ಅವನ ಅಂಗಿಯ ಕಿಸೆಯಲ್ಲಿ ಒಂದು ಚೀಟಿ ಇತ್ತು. ಸಾಲಿ ಕಲಿತವನೊಬ್ಬ ರೈಲಿನಲ್ಲಿ ಒಂದೊಂದೇ ಅಕ್ಷರ ತೋರಿಸಿ ಬರೆದುಕೊಟ್ಟದ್ದು: ಪ್ರಜ್ಞಾ. ಹೆಣ್ಣಾದರೆ ಅದೇ ಹೆಸರು.

ಬಾಜೂ ಮನೆಯ ಉದ್ದವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಏನಂದಿ? ಪಗ್ಯಾ? ನಾಲಿಗಿ ಹೊಳ್ಳವಲ್ದಲ್ಲೋ ನಮ್ಮಪ್ಪಾ."

"ಗೌಡನ ಮಗಳನ್ನ ವಸುಂಧರಾದೇವಿಯಾರ ಅಂತೀಯಲ್ಲ, ಆಗ ಹೆಂಗ ಹೊಳ್ಳತೈತಿ ಬೇ?" ಎಂದ ಲಗಮಪ್ಪ.

ಕೂಸು ಹುಟ್ಟಿದಾಗ ಅವನು ಗಾಣದಲ್ಲಿದ್ದ. ಹೆಣ್ಣು. ಬಾಣಂತನಕ್ಕೆಂದು ದಡ್ಡಿ ಎಂಬ ಊರಿನಿಂದ ಬಂದಿದ್ದ ಗುಡ್ಡವ್ವನ ತಾಯಿ ಸಾತವ್ವ ಕುಡುಗೋಲಿನಿಂದ ಹೊಕ್ಕಳಬಳ್ಳಿ ಕೊಯ್ದಳು, ಎಂದಿನಂತೆ ಸಗಣಿ ಕುಳ್ಳಿನ ಬೂದಿ ಒತ್ತಿದಳು. ಮೂರನೆಯ ದಿನ ಬೆಳಿಗ್ಗೆ ಮಗಳ ಮುಂದೆ ಕುಳಿತಳು.

"ತಿಪ್ಪಿಗಿ ಹಾಕೂಣು."

"ಅವರು ಬೈತಾರ ಯವ್ವಾ. ಅದೆಲ್ಲಾ ಬ್ಯಾಡ ಅಂದಾರ."

"ಎರಡು ಹೋದೂವು. ಅವನ ಹಟಕ್ಕ ಇದೂ ಹೋಗ್ಲೇನು? ತಿಪ್ಪಿಗಿ ಒಗದ ಕೂಸಿನ ಮ್ಯಾಲ ಸಾವಿಗೆ ಆಸಿ ಇರೂದಿಲ್ಲ."

ಗುಡ್ಡವ್ವ ಕೂಸನ್ನು ತಾನೇ ಎತ್ತಿ ಕೊಟ್ಟಳು. ಯಾರೂ ಕಸಿದುಕೊಳ್ಳಲಿಲ್ಲ. ಸಾತವ್ವ ಬರಿಮೈಯ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿದಳು. ಉದ್ದವ್ವ ಒಂದು ಹಿಡಿ ನುಚ್ಚು ಕೊಟ್ಟು ಅದನ್ನು ಕೊಂಡಂತೆ ಮಾಡಿ, "ತಿಪ್ಪವ್ವಾ" ಎಂದು ಕರೆದು ತಾಯಿಯ ಮಡಿಲಿಗೆ ಹಾಕಿದಳು. ಲಗಮಪ್ಪನಿಗೆ ಹೇಳಬಾರದೆಂದು ಮೂವರೂ ಒಪ್ಪಿಕೊಂಡರು.

ಅವನು ಐದನೆಯ ದಿನ ಬಂದ. ಕೂಸಿನ ಹಣೆಬರಹ ಬರೆಯಲು ಸೆಟಿವಿ ತಾಯಿ ಬರುವ ದಿನ ಅದು. ಲಗಮಪ್ಪ ಒಲೆಯಿಂದ ಇದ್ದಿಲು ತೆಗೆದುಕೊಂಡು ತಲೆದಿಂಬಿನ ಕಡೆಯ ಗೋಡೆಯ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ಹೆಸರು ಬರೆದ.

"ಸೆಟಿವಿ ಬಂದ್ರ ಓದ್ಕೊಂಡು ಹೋಗ್ಲಿ. ಈ ಸಲ ನಾವ ಬರದೇವಿ."

ಹೆಂಡತಿಯ ಬೆರಳು ಹಿಡಿದು ಅಕ್ಷರಗಳ ಮೇಲೆ ಆಡಿಸಿದ. "ಇದು ಪ. ಕೆಳಗ ಕೊಂಡಿ ಐತಲ್ಲ, ಅದು ರ. ಕಡೀಕ ದೀರ್ಘ. ದೀರ್ಘ ಬಿಟ್ರ ಹೆಸರು ಕುಂಟತೈತಿ, ತಿಳೀತಿಲ್ಲೊ?" ಗುಡ್ಡವ್ವ ನಕ್ಕಳು. ತಿಪ್ಪೆಯ ಮಾತನ್ನು ಕೂಸಿಗೆ ವರ್ಷ ತುಂಬಿದ ಮೇಲೆ ಹೇಳಿದರಾಯಿತು ಎಂದುಕೊಂಡಳು.

ಎಂಟನೆಯ ದಿನ ಕೂಸು ಮೊಲೆ ಹಿಡಿಯಲಿಲ್ಲ. ಮರುದಿನ ಮಧ್ಯಾಹ್ನ ಹೋಯಿತು.

"ಹೆಸರು ತಿಂದ್ತು ಕೂಸನ್ನ" ಎಂದಿತು ಕೇರಿ. ತಿಪ್ಪೆಗೆ ಹಾಕಿದರೂ ಉಳಿಯಲಿಲ್ಲ ಎಂದರೆ ಆ ಹೆಸರು ಎಂಥದ್ದಿರಬೇಕು ಎಂದು ಉದ್ದವ್ವ ಗುಟ್ಟಾಗಿ ಗುಡ್ಡವ್ವನಿಗೂ ಅಂದಳು. ಲಗಮಪ್ಪ ಹಸಿ ಅರಿವೆ ತಗೊಂಡು ಗೋಡೆ ಒರೆಸಿದ. ತಿಂಗಳಾದ ಮೇಲೆ ಗೌಡರ ಎತ್ತು ಸತ್ತು ಕರೆ ಬಂತು. ಹಗ್ಗ ಹೆಗಲಿಗೆ ಹಾಕಿಕೊಂಡು ಹೋದ. ಅಂದು ಅವನು ನಡೆದ ರೀತಿ ನೋಡಿ ಗುಡ್ಡವ್ವನಿಗೆ ಕೂಸು ಇನ್ನೊಮ್ಮೆ ಸತ್ತಂತಾಯಿತು.

ಎರಡು ವರ್ಷ ಕಳೆದವು. ಅವಳಿಗೆ ಮತ್ತೆ ಆರು ತಿಂಗಳಾಗಿದ್ದಾಗ ಜೈನರ ಪೈಕಿ ಕಮಲವ್ವ ಎಂಬ ನರ್ಸಬಾಯಿ ಕೇರಿಗೆ ಬಂದಳು. ಕೇರಿಯ ನೀರು ಕುಡಿಯುತ್ತಿರಲಿಲ್ಲ, ಆದರೆ ಕೇರಿಯ ಕೂಸುಗಳನ್ನು ತನ್ನ ಕೈಯಾರೆ ತೊಳೆಯುತ್ತಿದ್ದಳು. ಬೇವಿನ ಕೆಳಗೆ ಹೆಂಗಸರನ್ನು ಕೂರಿಸಿ ಕೇಳಿದಳು:

"ಹೊಕ್ಕಳಕ್ಕ ಸಗಣಿ ಬೂದಿ ಹಚ್ಚತೀರೇನ್ರಿ? ಕೂಸನ್ನ ತಿಪ್ಪಿಗಿ ಹಾಕತೀರಿ? ಆ ಹೊಲಸು ಹೊಕ್ಕಳದಾಗಿಂದ ಮೈಯಾಗ ಹೋಗ್ತೈತಿ. ಎಂಟು ದಿನಕ್ಕ ದವಡಿ ಕಚ್ಚತೈತಿ. ದೇವರೂ ಅಲ್ಲ, ದೆವ್ವಾನೂ ಅಲ್ಲ."

ಗುಡ್ಡವ್ವ ಎದ್ದು ಮನೆಯ ಹಿಂದೆ ಹೋಗಿ ವಾಂತಿ ಮಾಡಿದಳು. ಬಸುರಿ ಅಲ್ಲವೇ ಎಂದು ಉಳಿದವರು ನಕ್ಕರು.

ಈ ಸಲವೂ ಹೆಣ್ಣು. ಕಮಲವ್ವ ಕುದಿಸಿದ ಬ್ಲೇಡಿನಿಂದ ಹೊಕ್ಕಳಬಳ್ಳಿ ಕೊಯ್ದಳು. ಸಾತವ್ವ ಬೂದಿಯ ಗಡಿಗೆ ತಂದಾಗ ಗುಡ್ಡವ್ವ ಅದನ್ನು ಒದ್ದಳು. ಎಂಟನೆಯ ದಿನ ಕೂಸು ಚೀರಿ ಚೀರಿ ಹಾಲು ಕುಡಿಯಿತು. ಹತ್ತೂ ಕಳೆಯಿತು. ಹನ್ನೆರಡನೆಯ ದಿನ ಲಗಮಪ್ಪ ನೆಲ ನೋಡುತ್ತ ಅಂದ:

"ತಿಪ್ಪವ್ವ ಅಂತ ಇಡು. ದೊಡ್ಡ ಹೆಸರು ನಮಗ ಹೊಂದೂದಿಲ್ಲ. ಒಂದನ್ನ ನಾನ ಕೊಂದೇನಿ."

ಆಗ ಹೇಳಿದಳು. ಬೂದಿ, ತಿಪ್ಪೆ, ಒಂದು ಹಿಡಿ ನುಚ್ಚು, ಕಮಲವ್ವ ಅಂದ ಮಾತು, ಎಲ್ಲ. ಎತ್ತಿ ಕೊಟ್ಟವಳು ತಾನೇ ಎಂಬುದನ್ನೂ ಹೇಳಿದಳು.

ಹೊಡೆಯುತ್ತಾನೆ ಎಂದುಕೊಂಡಿದ್ದಳು. ಹೊಡೆಯಲಿಲ್ಲ.

"ಮೂರನ್ನೂ ಆ ಹೊಲಸ ಕೊಂತೇನು?"

"ಮೂರನ್ನೂ. ಮೊದಲಿನ ಎರಡಕ್ಕೂ ಬೂದಿನ ಹಚ್ಚಿದ್ವಿ. ನಿಮ್ಮ ಹೆಸರು ಯಾರನ್ನೂ ತಿಂದಿಲ್ಲ."

ಅವನು ಹೊರಗೆ ಹೋಗಿ ತಿಪ್ಪೆಯ ಎದುರು ಕುಕ್ಕರುಗಾಲಲ್ಲಿ ಕುಳಿತ. ಗುಡ್ಡವ್ವ ಇದ್ದಿಲು ಹಿಡಿದು, ಅಂದು ಬೆರಳು ಆಡಿಸಿದ ದಾರಿಯನ್ನೇ ನೆನೆಯುತ್ತ ಅದೇ ಗೋಡೆಯ ಮೇಲೆ ಆ ಹೆಸರು ಬರೆದಳು. ಪ ವಾಲಿತು, ಕೊಂಡಿ ದೂರ ಬಿತ್ತು, ಕೊನೆಯ ದೀರ್ಘ ಮರೆತೇ ಹೋಯಿತು. ಲಗಮಪ್ಪ ಬಂದು ಬಹಳ ಹೊತ್ತು ನೋಡಿದ. ತಿದ್ದಲಿಲ್ಲ, ಅಳಿಸಲೂ ಇಲ್ಲ. ಆ ವಾರ ಗೌಡರ ಮನೆಯಿಂದ ಕರೆ ಬಂದಾಗ, "ಬರೂದಿಲ್ಲ ಅನ್ನು" ಎಂದು ಕಳಿಸಿದ. ಹೆಂಡತಿ ಮಾಡಿದ ರೊಟ್ಟಿ ಉಂಡ. ಅವಳ ಜೊತೆ ಮಾತು ಮಾತ್ರ ಮೊದಲಿನಂತೆ ಬರಲೇ ಇಲ್ಲ.

ಆರು ವರ್ಷದ ಮೇಲೆ ಸಾಲಿಗೆ ಹೆಸರು ಹಚ್ಚಲು ಹೋದರು. ಗುಡ್ಡವ್ವ ಹೊಸ್ತಿಲ ಹೊರಗೆ ನಿಂತಿದ್ದಳು. ಲಗಮಪ್ಪ ಗೋಡೆಯ ಅಕ್ಷರಗಳನ್ನು ಹಾಗೆಯೇ ಇಳಿಸಿಕೊಂಡಿದ್ದ ಕಾಗದ ಕೊಟ್ಟ. ಮಾಸ್ತರರು ಕನ್ನಡಕ ಏರಿಸಿದರು.

"ಪ್ರಜ್ಞ ಅಲ್ಲೋ, ಪ್ರಜ್ಞಾ. ಕಡೀಕ ದೀರ್ಘ ಬೇಕು."

"ಕಾಗದದಾಗ ಇದ್ದಂಗ ಬರೀರಿ ಸರ. ನಮ್ಮ ಮನಿ ಗ್ವಾಡಿ ಮ್ಯಾಲ ಹಂಗ ಐತಿ" ಎಂದ ಲಗಮಪ್ಪ. ಆಮೇಲೆ, "ದೀರ್ಘ ಹೋದಾಕಿ ಪ್ರಜ್ಞಾಂದು" ಎಂದ.